ಸೂರ್ಯನ ಚಿಮ್ಮು ನೋಡಲು ಮಿಜಾರಿಗೆ

ಪುಂಜಾಲಕಟ್ಟೆಯಲ್ಲಿ ಬೆಳಗ್ಗಿನ ಬಸ್ಸು ಹತ್ತಿದಾಗ ನಾವು ಮೂವರಿದ್ದೆವು: ನಾನು, ನನ್ನ ಅಕ್ಕ ಸರೋಜ, ಅವಳ ಮಗಳು ಅಶ್ವಿತಾ. ಅಶ್ವಿತಾಳ ತೊಡೆಯ ಮೇಲೊಂದು ಕಪ್ಪು ಪೆಟ್ಟಿಗೆ. ಅದರೊಳಗೆ ಸೂರ್ಯನನ್ನು ನೋಡುವ ದೂರದರ್ಶಕ, ಅವಳು ಸಂಶೋಧನೆ ಮಾಡುವ ಸಂಸ್ಥೆಯಿಂದ ಕೇಳಿ ತಂದದ್ದು. ಮಿಜಾರಿನ ಕಾಲೇಜೊಂದರಲ್ಲಿ ದಸರಾ ರಜೆಯ ಮಕ್ಕಳ ಶಿಬಿರ. ಅಲ್ಲಿ ಸೂರ್ಯನನ್ನು ತೋರಿಸಲು ನಮ್ಮ ಹುಡುಗಿಯನ್ನೇ ಕರೆದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಅನ್ನಲಿ. ನಾನು ಹೆತ್ತವನಲ್ಲ, ಸೋದರಮಾವ. ನನ್ನ ಹೆಮ್ಮೆಗೆ ಲಂಗು ಲಗಾಮಿಲ್ಲ.

ಅಕ್ಕನದು ಬೇರೆ ಕಥೆ. ಮಗಳು ಇಷ್ಟು ವರ್ಷ ಏನು ಓದುತ್ತಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ನೆಂಟರು ಕೇಳಿದರೆ ಮಾತು ತೇಲಿಸುತ್ತಿದ್ದಳು. "ಇವತ್ತು ಅಮ್ಮ ಕಣ್ಣಾರೆ ನೋಡಬೇಕು ಮಾವ. ನಾಡಿದ್ದು ಇದನ್ನು ವಾಪಸು ಕೊಡ್ಲಿಕ್ಕೆ ಉಂಟು" ಎಂದು ಅಶ್ವಿತಾ ಹಿಂದಿನ ದಿನವೇ ಹೇಳಿದ್ದಳು. (ನಮ್ಮ ಮಾತೆಲ್ಲ ತುಳುವಿನಲ್ಲೇ. ಓದುವವರಿಗಾಗಿ ಕನ್ನಡ ಮಾಡಿದ್ದೇನೆ.)

ಕಂಡಕ್ಟರ್ ಪೆಟ್ಟಿಗೆಗೂ ಲಗೇಜು ಟಿಕೆಟು ಹರಿಯಲು ಬಂದ. "ತೊಡೆಯ ಮೇಲೆ ಕೂತದ್ದಕ್ಕೆಲ್ಲ ಲಗೇಜಾ ಮಾರಾಯ? ಅದರೊಳಗೆ ಏನುಂಟು ಗೊತ್ತುಂಟಾ?" ಎಂದು ನಾನು ಏರಿದ ಸ್ವರದಲ್ಲೇ ಶುರುಮಾಡಿದೆ. ಬಂಟ್ವಾಳ ಬರುವವರೆಗೆ ಇಡೀ ಬಸ್ಸಿಗೆ ಅದರ ವರ್ಣನೆಯಾಯಿತು. ಟಿಕೆಟು ಕೊಡಲೇಬೇಕಾಯಿತು, ಅದು ಬೇರೆ ಮಾತು.

ಬಿ.ಸಿ.ರೋಡಿನಲ್ಲಿ ಇಳಿದು ಬಾಳೆಹಣ್ಣಿನ ಬನ್ಸು ತಿಂದೆವು. ಬಿಸಿಯಿತ್ತು, ಸಾಂಬಾರು ಮಾತ್ರ ನೀರು. ಅಶ್ವಿತಾ ಟೇಬಲ್ಲಿನ ಮೇಲೆ ಬೆರಳಾಡಿಸುತ್ತ ವಿವರಿಸಿದಳು: ಸೂರ್ಯನ ಕೆಳ ವಾತಾವರಣದಲ್ಲಿ ಕಾದ ಅನಿಲ, ಅಂದರೆ ಪ್ಲಾಸ್ಮಾ, ಸಣ್ಣ ಸಣ್ಣ ಚಿಮ್ಮುಗಳಾಗಿ ಏಳುತ್ತಲೇ ಇರುತ್ತದೆಯಂತೆ. ಅಲ್ಲಿನ ಕಾಂತಕ್ಷೇತ್ರ ಹೆಣೆದುಕೊಂಡು, ಬಿಚ್ಚಿಕೊಂಡು ಅವುಗಳನ್ನು ಮೇಲಕ್ಕೆ ನೂಕುತ್ತದೆ. ಕೆಲವು ನಿಮಿಷಗಳಲ್ಲಿ ಒಂದು ಮಾಯ, ಪಕ್ಕದಲ್ಲಿ ಇನ್ನೊಂದು.

"ಸಣ್ಣದು ಅಂದರೆ ಎಷ್ಟು?" ಎಂದೆ.

"ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೇಶವನ್ನು ನೆಟ್ಟಗೆ ನಿಲ್ಲಿಸಿದರೂ ಒಂದರ ಎತ್ತರಕ್ಕೆ ಮುಟ್ಟುವುದಿಲ್ಲ. ಒಲೆಯಿಂದ ದೂರ ಹೋದ ಹಾಗೆ ಬಿಸಿ ಕಡಿಮೆ ಆಗಬೇಕಲ್ಲ ಮಾವ? ಸೂರ್ಯನಲ್ಲಿ ಉಲ್ಟಾ. ಮೇಲೆ ಹೋದರೆ ಇನ್ನೂ ಬಿಸಿ. ಆ ಬಿಸಿಯನ್ನು ಈ ಚಿಮ್ಮುಗಳೇ ಹೊತ್ತುಕೊಂಡು ಹೋಗ್ತವಾ ಅಂತ ನಾನು ನೋಡ್ತಾ ಇರೋದು."

ಅಕ್ಕ ಚಾ ಕುಡಿದು, "ಬಸ್ಸು ಹೋದೀತು, ಹೋಗುವ" ಎಂದಳು. ಅಷ್ಟೇ.

ಸಿದ್ದಕಟ್ಟೆ ದಾಟಿ ಮೂಡುಬಿದಿರೆಗೆ, ಅಲ್ಲಿ ಬಸ್ಸು ಬದಲಿಸಿ ಮಿಜಾರಿಗೆ ತಲುಪುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಘಟ್ಟದ ಕಡೆ ಮಾತ್ರ ಮೋಡ ಎದ್ದಿತ್ತು. ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಅಶ್ವಿತಾ ಪೆಟ್ಟಿಗೆ ತೆರೆದಳು, ದೂರದರ್ಶಕದ ಮುಚ್ಚಳ ತೆಗೆದಳು, ಹಾಗೆಯೇ ನಿಂತುಬಿಟ್ಟಳು.

ಮುಂದಿನ ಗಾಜಿನ ನಟ್ಟನಡುವೆ ಗಂಧ. ಅದರ ಮೇಲೆ ಕುಂಕುಮ. ಎರಡೂ ಒಣಗಿ ಗಟ್ಟಿಯಾಗಿದ್ದವು.

ನನಗೆ ಥಟ್ಟನೆ ಹೊಳೆಯಿತು. ಆಯುಧಪೂಜೆಯ ದಿನ ಅಶ್ವಿತಾ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಗೆಳತಿಯ ಮನೆಗೆ ಹೋಗಿದ್ದಳು. ಅಂದು ಅಕ್ಕ ಜೀಪಿನ ಹೆಡ್‌ಲೈಟಿಗೆ, ಹುಲ್ಲು ಕತ್ತರಿಸುವ ಮೆಷಿನ್ನಿಗೆ, ಮಿಕ್ಸಿಗೆ, ಕೊನೆಗೆ ಹೊಲಿಗೆಯಂತ್ರಕ್ಕೂ ಬೊಟ್ಟಿಟ್ಟಿದ್ದಳು. ಮಗಳ ಆಯುಧವನ್ನು ಬಿಟ್ಟಾಳೆಯೇ!

"ನಿನ್ನ ಕೆಲಸದ್ದಲ್ವಾ ಮಗಾ, ಒಳ್ಳೇದಾಗಲಿ ಅಂತ..." ಎನ್ನುತ್ತ ಅಕ್ಕ ಮುಂದೆ ಬಂದು, ಸೆರಗಿನಿಂದ ಒರೆಸಲು ಕೈ ಚಾಚಿದಳು.

"ಮುಟ್ಟಬೇಡಮ್ಮ!" ಅಶ್ವಿತಾ ಕಿರುಚಿಯೇ ಬಿಟ್ಟಳು. ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಹಾಗೇ ಬಿಟ್ಟರೆ ಬೆಳಕು ಚದುರುತ್ತದೆ, ಸೂರ್ಯ ಕಂಡರೂ ಆ ತೆಳ್ಳನೆಯ ಚಿಮ್ಮುಗಳು ಕಾಣುವುದಿಲ್ಲ. ಒಣಗಿದ್ದನ್ನು ನೆನೆಸಬೇಕು, ಅದಕ್ಕೆ ಬಟ್ಟಿ ಇಳಿಸಿದ ಶುದ್ಧ ನೀರು ಬೇಕು. ರಜೆಯಾದ್ದರಿಂದ ಕಾಲೇಜಿನ ಲ್ಯಾಬಿಗೆ ಬೀಗ. ನಾನು ಪಂಚೆ ಎತ್ತಿಕಟ್ಟಿ ರಸ್ತೆ ಬದಿಯ ಬ್ಯಾಟರಿ ಅಂಗಡಿಗೆ ಓಡಿದೆ. ಬ್ಯಾಟರಿಗೆ ಹಾಕುವ ನೀರಿನ ಹೊಸ ಕ್ಯಾನು ಹೊತ್ತು ವಾಪಸು ಓಡಿದೆ. ಈ ವಯಸ್ಸಿಗೆ ಆ ಓಟ! ಜೀವ ಬಾಯಿಗೆ ಬಂದಿತ್ತು.

ಅಶ್ವಿತಾ ಹತ್ತಿಯ ತುದಿಯಿಂದ ಹನಿ ಹನಿ ನೀರು ಬಿಟ್ಟಳು. ಉಜ್ಜಲಿಲ್ಲ, ನೆನೆದದ್ದನ್ನು ಹತ್ತಿಗೆ ಹೀರಿಸಿ, ಮತ್ತೆ ಹೊಸ ಹತ್ತಿ ತೆಗೆದಳು. ಮೋಡ ಅರ್ಧ ಆಕಾಶ ಏರಿತ್ತು. ಆ ಕೈ ಒಂದಿಷ್ಟೂ ನಡುಗದ್ದನ್ನು ಕಂಡು, ಇದು ನಮ್ಮ ಮನೆಯ ಹುಡುಗಿಯ ಕೈ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಗಾಜು ಒಣಗಿದ ಮೇಲೆ ಅವಳು ಕಣ್ಣಿಟ್ಟು ನೋಡಿ, ತಿರುಪು ತಿರುಗಿಸಿ, ನಕ್ಕಳು.

"ಅಮ್ಮ, ಮೊದಲು ನೀನು."

ಅಕ್ಕ ಕಾಲೇಜಿನ ಗೋಡೆಗಂಟಿ ನಿಂತಿದ್ದಳು. "ನಾನು ಬೇಡ. ಕೆಡಿಸಿದವಳು ನಾನೇ ಅಲ್ವಾ? ಮಕ್ಕಳು ನೋಡಲಿ."

"ನಿನಗೆ ತೋರಿಸ್ಲಿಕ್ಕೇ ಇಷ್ಟು ದೂರ ತಂದದ್ದು. ಬಾ" ಎಂದು ಅಶ್ವಿತಾ ಕೈಹಿಡಿದು ಎಳೆದಳು.

ಅಕ್ಕ ಬಗ್ಗಿದಳು. ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಕೆಂಪು ಉಂಟು... ಅಂಚಿನಲ್ಲಿ ಸಣ್ಣ ಸಣ್ಣ ರೋಮದ ಹಾಗೆ..."

"ಅದೇ ಅಮ್ಮ. ಅದೇ ನನ್ನ ಕೆಲಸ."

ಅಕ್ಕ ದೂರದರ್ಶಕದಿಂದ ಕಣ್ಣು ಕೀಳಲಿಲ್ಲ. ಸಾಲು ಕಾಯುತ್ತಿತ್ತು, ಮೋಡದ ಸೆರಗು ಸೂರ್ಯನ ಹತ್ತಿರ ಬಂದಿತ್ತು. ಶಿಬಿರದ ಮೇಷ್ಟ್ರು ಬಂದು, "ಅಮ್ಮಾ, ಮಕ್ಕಳಿಗೆ ಸ್ವಲ್ಪ..." ಎಂದು ವಿನಯದಿಂದ ಹೇಳಿದರು.

ಮೇಷ್ಟ್ರೆಂದರೆ ಇಂದಿಗೂ ಎದ್ದು ನಿಲ್ಲುವ ನನ್ನ ಅಕ್ಕ ತಲೆಯನ್ನೂ ಎತ್ತಲಿಲ್ಲ.

"ಸ್ವಲ್ಪ ನಿಲ್ಲಿ ಸರ್" ಎಂದಳು. "ಇದು ನನ್ನ ಮಗಳ ಕೆಲಸ. ನಾನು ಇನ್ನೂ ನೋಡಿ ಆಗಲಿಲ್ಲ."