ಬಗ್ಗಿ ಹಾಡಿದ ಹಾಡುಗಳು

ನಾನು ಹಾಡು ಕಟ್ಟುತ್ತೇನೆ ಎಂಬುದನ್ನು ಮೊದಲು ಪತ್ತೆ ಮಾಡಿದವರು ನಮ್ಮ ಅತ್ತೆ.

ಸಂಡೂರಿನ ಗುಡ್ಡದ ಮಗ್ಗುಲಿನ ಊರಿಂದ ಕಂಪ್ಲಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಭತ್ತದ ನಾಟಿಯೇ ಗೊತ್ತಿರಲಿಲ್ಲ. ನಮ್ಮ ಕಡೆ ಜೋಳ, ನವಣೆ. ಇಲ್ಲಿ ಡ್ಯಾಮಿನ ಕಾಲುವೆ ಬಂದು ಕಣ್ಣು ಹಾಯುವಷ್ಟು ದೂರ ಹಸಿರು. ಕೆಸರಲ್ಲಿ ಕಾಲಿಟ್ಟ ಮೊದಲ ದಿನ ಎರಡು ಸಲ ಬಿದ್ದೆ. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನಾಟಿ ಗುಂಪಿಗೆ ಅತ್ತೆಯೇ ಮುಂದಾಳು. ಅವರು ಒಂದು ನುಡಿ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು. ಬೆನ್ನು ನೋವು ಮರೆಸಲು ಅದಕ್ಕಿಂತ ದೊಡ್ಡ ಔಷಧ ಇರಲಿಲ್ಲ.

ಎರಡನೇ ವರ್ಷದ ನಾಟಿಯ ಹೊತ್ತಿಗೆ ಅತ್ತೆಗೆ ಜ್ವರ ಬಂದು ಗಂಟಲು ಕಟ್ಟಿತ್ತು. "ನೀ ಒಂದು ಹಾಡು ಎತ್ತಲೇ" ಅಂದರು. ನಾನು ಪಾತ್ರೆ ತೊಳೆಯುವಾಗ ಒಬ್ಬಳೇ ಗುನುಗುತ್ತಿದ್ದದ್ದು ಬಾಯಿಗೆ ಬಂತು.

ಹಡೆದವ್ವನ ಊರಾಗ ಕೊಡ ನೀರಿಗೆ ಹರದಾರಿ,
ಅತ್ತಿಯ ಊರಾಗ ಹೊಸ್ತಿಲಕ ಕಾಲುವಿ,
ಇದರಾಗ ಒಂದು ಕೊಡ ಒಯ್ದು ಕೊಡೋರು ಯಾರವ್ವ?

ಯಾರೋ ಕೇಳಿದರು, "ಯಾರ ಹಾಡವ್ವ ಇದು?" ಸೊಸೆಯಾದವಳು ತಾನೇ ಹಾಡು ಕಟ್ಟಿದೆ ಎಂದರೆ ಏನೆಂದುಕೊಂಡಾರೋ ಎಂದು ಹೆದರಿ ಸುಳ್ಳು ಹೇಳಿದೆ. "ನಮ್ಮ ತವರಾಗ ನಾಟಿ ಹಚ್ಚೋರು ಹಾಡ್ತಾರ್ರಿ."

ಅತ್ತೆ ಕೈಲಿದ್ದ ಸಸಿಯ ಕಟ್ಟು ಕೆಳಗಿಟ್ಟು ನಡ ನೆಟ್ಟಗೆ ಮಾಡಿ ನನ್ನನ್ನೇ ನೋಡಿದರು. "ಸಂಡೂರು ಗುಡ್ಡದಾಗ ಯಾರಲೇ ನಾಟಿ ಹಚ್ತಾರ? ಅಲ್ಲಿ ಕಾಲುವಿ ಎಲ್ಲೈತಿ?"

ನಗು ಗದ್ದೆಯ ಬದುವಿನಾಚೆಗೂ ಹೋಯಿತು. ನಾನು ತಲೆ ಎತ್ತಲಿಲ್ಲ. ಆದರೆ ಅತ್ತೆ ನಗಲಿಲ್ಲ. ಮನೆಗೆ ಬಂದು, ಗೋಡೆಯ ಕ್ಯಾಲೆಂಡರಿನ ಮುಗಿದ ತಿಂಗಳುಗಳ ಹಾಳೆಗಳನ್ನು ಹರಿದು ನನ್ನ ಮುಂದಿಟ್ಟರು. "ನಾಕನೇತ್ತ ಓದೀದಿ. ಬರ್ದಿಡು. ಬಾಯಾಗಿದ್ದದ್ದು ಹೊಲಾ ದಾಟದ್ರಾಗ ಮರೀತೈತಿ."

ಅಲ್ಲಿಂದ ನನ್ನ ಹಾಡಿನ ಬದುಕು ಶುರುವಾಯಿತು. ಸೀಮಂತ, ತೊಟ್ಟಿಲು, ಶಾಲೆಯ ಸಮಾರಂಭ, ಹೊಸಪೇಟೆಯಲ್ಲಿ ಹೆಂಗಸರ ಸಂಘದ ಸಭೆ, ಕರೆದಲ್ಲಿಗೆಲ್ಲ ಹೋದೆ. ಅಲ್ಲೇ ಒಬ್ಬ ಟೇಲರ್ ಮಾಸ್ತರು ಸಿಕ್ಕರು. ಹಗಲು ಬಟ್ಟೆ ಹೊಲಿದು ಸಂಜೆ ಹಾರ್ಮೋನಿಯಂ ನುಡಿಸುವವರು. ನನಗೆ ಸ್ವರ ಗೊತ್ತಿರಲಿಲ್ಲ. "ನೀವು ಹಾಡ್ರಿ ತಂಗಿ, ನಾ ಹಿಂದ ಬರ್ತೀನಿ" ಎಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಂದರು. ಒಮ್ಮೆಯೂ ನನ್ನ ಮುಂದೆ ಹೋಗಲಿಲ್ಲ.

ಊರೂರಿಗೆ ಟೇಪ್‌ರೆಕಾರ್ಡರ್ ಬಂದ ಕಾಲಕ್ಕೆ ಕ್ಯಾಸೆಟ್ ಕಂಪನಿಯೊಂದರ ಮನುಷ್ಯ ಮನೆಗೆ ಬಂದ. ಚಹಾ ಕುಡಿಯುತ್ತ ಆರು ಹಾಡು ಕೇಳಿದ. "ದನಿ ಮಸ್ತ್ ಐತ್ರಿ. ಮಾತು ಸ್ವಲ್ಪ ಬದಲು ಮಾಡೋಣು. ಗಂಡ ಹೆಂಡ್ತಿ ಚೇಷ್ಟಿ ಗೀಷ್ಟಿ ಇದ್ರ ಜನ ತಗೋತಾರ. ಮ್ಯಾಲ ಜಾನಪದ ಅಂತ ಹಾಕ್ತೀವಿ."

"ಕಟ್ಟಿದಾಕಿ ನಾನು. ನನ್ನ ಹೆಸರು?" ಎಂದೆ.

"ಹಾಡಿದೋರು ಅಂತ ಹಾಕ್ತೀವಲ್ರಿ. ಕಟ್ಟಿದೋರ ಹೆಸರು ಯಾರು ಓದ್ತಾರ?"

ಬ್ಯಾಡ್ರಿ ಎಂದೆ. ಅಷ್ಟು ಜಲ್ದಿ ಹೇಗೆ ಹೇಳಿದೆನೋ ಇವತ್ತಿಗೂ ತಿಳಿಯದು. ನಮ್ಮ ಮನೆಯವರಿಗೆ ಸಿಟ್ಟು ಬಂತು. "ಮನಿ ಬಾಗಲಿಗೆ ಬಂದದ್ದು ಒದ್ದಿ ನೋಡು" ಎಂದು ಎದ್ದು ಹೋದರು. ವಾರವಿಡೀ ನನ್ನೊಡನೆ ಮಾತಿಲ್ಲ. ಅವರು ಅಕ್ಕಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದವರು. ಎಂಟನೇ ದಿನ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಹೇಳಿದರು. "ಸಾವ್ಕಾರ್ರನ್ನ ಕೇಳೀನಿ. ಐತಾರ ಮಿಲ್ ಬಂದ್ ಇರ್ತೈತಿ. ಗೋಡೌನಿನಾಗ ಭತ್ತದ ಚೀಲ ಗ್ವಾಡಿ ಹಂಗ ಅದಾವ, ಹೊರಗಿನ ಗದ್ದಲ ಒಳಗ ಬರಂಗಿಲ್ಲ. ನಿನ್ನ ಹಾಡು ನೀನ ಟೇಪಿಗೆ ತುಂಬಿಸ್ಕ್ಯಾ."

ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಆ ಭಾನುವಾರ ಬೆಳಿಗ್ಗೆ ಹೊಸಪೇಟೆಯಿಂದ ಮಾಸ್ತರು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಬಂದರು. ಅವರ ಪರಿಚಯದ ಮೈಕ್ ಸೆಟ್ಟಿನವರು ರೆಕಾರ್ಡಿಂಗ್ ಯಂತ್ರ ತಂದಿದ್ದರು. ಮೈಕಿನ ಮುಂದೆ ನೆಟ್ಟಗೆ ನಿಂತೆ. ದನಿ ಹೊರಡಲೇ ಇಲ್ಲ. ಹೊರಟರೂ ಶಾಲೆಯ ಮಕ್ಕಳು ಪಾಠ ಒಪ್ಪಿಸಿದ ಹಾಗಿತ್ತು. ಕುಳಿತು ನೋಡಿದೆ, ಇನ್ನೂ ಕೆಟ್ಟಿತು. ಮೂರು ಸಲ ಟೇಪು ಹಿಂದಕ್ಕೆ ಸುತ್ತಿದರು. ಸೂರಿನ ಗುಬ್ಬಿಗಳು ನನಗಿಂತ ಚೆನ್ನಾಗಿ ಹಾಡುತ್ತಿದ್ದವು. ನನಗೆ ಅಳು ಬಂತು.

ಹಿಮ್ಮೇಳಕ್ಕೆ ಬಂದಿದ್ದ ಅತ್ತೆ ಚೀಲದ ಮೇಲಿಂದ ಇಳಿದರು. "ನೀ ಯಾವಾಗರ ನೆಟ್ಟಗ ನಿಂತು ಹಾಡೀದೇನಲೇ? ಬಗ್ಗು. ಬಗ್ಗಿ ಹಾಡು."

ಸೆರಗು ಸಿಕ್ಕಿಸಿ, ಎಡಗೈ ಮೊಣಕಾಲಿಗೆ ಊರಿ, ಗದ್ದೆಯಲ್ಲಿ ಬಗ್ಗುವ ಹಾಗೆ ಬಗ್ಗಿದೆ. ಮಾಸ್ತರು ನಗಲಿಲ್ಲ. ಮೈಕನ್ನು ಕಂಬದಿಂದ ಬಿಚ್ಚಿಸಿ ಅರ್ಧ ತುಂಬಿದ ಚೀಲವೊಂದರ ಮೇಲೆ, ನನ್ನ ಬಾಯಿಯ ಎತ್ತರಕ್ಕೆ ಇಡಿಸಿದರು. ಅತ್ತೆಯೂ ಪಕ್ಕದಲ್ಲಿ ಬಗ್ಗಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಂಟು ಹಾಡು ಮುಗಿದಿದ್ದವು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಒಳಗೆ ಬರುವವರನ್ನೆಲ್ಲ ಕೈ ಅಡ್ಡ ಮಾಡಿ ತಡೆಯುತ್ತಿದ್ದರು. ಸಾಹುಕಾರರನ್ನೂ ಬಿಡಲಿಲ್ಲ. ಅವರು ಬೇಸರ ಮಾಡಿಕೊಳ್ಳದೆ ಹೊರಗಿನ ಕಟ್ಟೆಯ ಮೇಲೇ ಕೂತು ಕೇಳಿದರು.

ಮೈಕ್ ಸೆಟ್ಟಿನವರೇ ಪ್ರತಿ ಮಾಡಿಕೊಟ್ಟ ಕ್ಯಾಸೆಟ್ಟಿನ ಹೊದಿಕೆಯ ಮೇಲೆ "ಹಾಡು ಕಟ್ಟಿದವರು ಮತ್ತು ಹಾಡಿದವರು" ಎಂದು ಅಚ್ಚಾಗಿ, ಕೆಳಗೆ ನನ್ನ ಹೆಸರಿತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಕಂಪ್ಲಿ–ಹೊಸಪೇಟೆ ನಡುವೆ ಓಡುವ ಬಸ್ಸಿನ ಡ್ರೈವರೊಬ್ಬರು ಅದನ್ನು ಹಾಕತೊಡಗಿದರು. ಒಂದು ದಿನ ಅದೇ ಬಸ್ಸಿನಲ್ಲಿ ಪಕ್ಕದ ಹೆಂಗಸು ಹಾಡು ಕೇಳುತ್ತ ಕಣ್ಣೊರೆಸಿಕೊಂಡಳು. ದರೋಜಿ ಕಡೆಯವಳಂತೆ, ತವರಿನಿಂದ ಮರಳುತ್ತಿದ್ದಳು. "ಯಾರಕ್ಕ ಈಕಿ? ನನ್ನ ಹೊಟ್ಯಾಗಿಂದು ಹೆಂಗ ಗೊತ್ತಾತು ಈಕಿಗೆ?" ಎಂದು ಕೇಳಿದಳು. ಹಿಂದಿನ ಸೀಟಿನಿಂದ ಅತ್ತೆ ಕೂಗಿದರು, "ನಿನ್ನ ಬಾಜೂಕ ಕುಂತಾಳಲ್ಲವ್ವ, ಆಕೀನ!" ಡ್ರೈವರು ಟೇಪು ನಿಲ್ಲಿಸಿದರು. ಇಳಿಯುವವರೆಗೂ ನಾನೇ ಹಾಡಬೇಕಾಯಿತು.

ಹತ್ತು ವರ್ಷ ಸುಖವಾಗಿ ಹಾಡಿದೆ. ಆಮೇಲೆ ಕೊರಳಲ್ಲಿ ಗಂಟು ಕಾಣಿಸಿತು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ದನಿಯ ಮಾತು ಹೇಳಲಾಗದು ಎಂದರು ಡಾಕ್ಟರು. ಒಂದು ತಿಂಗಳು ಮಾತಾಡಬಾರದು. ಆ ತಿಂಗಳು ನಾನು ಒಲೆಯ ಮುಂದೆ ಮೂಕಿ. ಆಗ ಅತ್ತೆಗೆ ಎಪ್ಪತ್ತು ದಾಟಿತ್ತು. ದಿನವೂ ಅಡುಗೆಮನೆಗೆ ಬಂದು ನನ್ನ ಹಾಡುಗಳನ್ನೇ ತಪ್ಪುತಪ್ಪಾಗಿ ಹಾಡುತ್ತಿದ್ದರು. ತಾಳ ತಪ್ಪಿದಾಗ ನಾನು ಸೌಟಿನಿಂದ ಹಂಚಿಗೆ ಬಡಿದು ತಿದ್ದುತ್ತಿದ್ದೆ. ಬೇಕೆಂದೇ ತಪ್ಪುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ತಿಂಗಳು ಕಳೆದು ಬಾಯಿ ತೆರೆದರೆ ಬೇರೆ ಯಾರದೋ ದನಿ. ದಪ್ಪ, ಒರಟು, ಮೇಲಕ್ಕೆ ಏರದ ದನಿ. ಇನ್ನು ಸಾಕು ಎಂದೆ ಮಾಸ್ತರಿಗೆ. ಅವರು ಪೆಟ್ಟಿಗೆ ತೆರೆದು, ಬಹಳ ಕೆಳಗಿನ ಸ್ವರದ ಮನೆಯೊಂದರ ಮೇಲೆ ಬೆರಳಿಟ್ಟರು. "ಇಲ್ಲಿಂದ ಹಿಡೀರಿ ತಂಗಿ." ಹಿಡಿದೆ. ಹಾಡು ನಿಧಾನವಾಗಿ ಬಂದು ಕೂತಿತು.

ಅತ್ತೆ ಗೋಡೆಗೆ ಒರಗಿ ಕೇಳಿದರು. "ಮೊದಲಿನ ದನಿ ಭಾಳ ಚಂದಿತ್ತು" ಎಂದರು. ಆಮೇಲೆ ಸೇರಿಸಿದರು, "ಇದು ನಂಬೂ ಹಂಗೈತಿ."

ಮರುವರ್ಷ ಹಂಪಿಯಲ್ಲಿ, ಬಾಳೆತೋಟದ ಕೆಲಸಕ್ಕೆ ಹೋಗುವ ಹೆಂಗಸರು ಮಾಡಿಕೊಂಡ ಸಂಘದ ಸಭೆಗೆ ಕರೆದರು. ಅಲ್ಲಿ ಆ ಹೊಸ ದನಿಯಲ್ಲೇ ಒಂದು ಗಂಟೆ ಹಾಡಿದೆ. ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಆ ಹೆಂಗಸರು ನನ್ನ ಉಡಿಗೆ ಒಂದು ಚಿಪ್ಪು ಬಾಳೆಹಣ್ಣು ಹಾಕಿದರು. ಮಾಸ್ತರು, ಅತ್ತೆ, ನಮ್ಮ ಮನೆಯವರು, ನಾನು, ನಾಲ್ವರೂ ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ನಿಂತು ಆ ಹಣ್ಣನ್ನೆಲ್ಲ ತಿಂದೆವು.