ನಿಯಮದಕ್ಕನ ಮುಂದೆ ಬಂದ ಪ್ರಕರಣ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ನಿಯಮದಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಕಂಪನಿಯವರಿಂದ ಡಾಕ್ಟರುಗಳು ಉಡುಗೊರೆ ಇಸಕೊಳ್ಳದ ಹಾಗೆ ನೋಡುವುದು, ರೋಗಿ ಸಹಿ ಹಾಕುವ ಮುಂಚೆ ಅವನಿಗೆ ವಿಷಯ ತಿಳಿದಿದೆಯೋ ಇಲ್ಲವೋ ವಿಚಾರಿಸುವುದು, ಎಡವಟ್ಟಾದರೆ ಅದನ್ನು ಮುಚ್ಚಿಹಾಕದಂತೆ ತಡೆಯುವುದು ಅವಳ ಕೆಲಸ. ಅವಳು ಬರುವುದು ಕಂಡರೆ ಕಾರಿಡಾರಿನಲ್ಲಿ ಮಾತು ತಾನಾಗಿ ತಗ್ಗುತ್ತಿತ್ತು. "ನೀನು ಆ ಆಸ್ಪತ್ರೆಗೆ ಅತ್ತೆ ಇದ್ದ ಹಾಗೆ ಕಣೇ," ಎಂದು ಗಂಡ ನಗುತ್ತಿದ್ದ. ಪಕ್ಕದಲ್ಲೇ ಕೂತಿದ್ದ ನಿಜವಾದ ಅತ್ತೆ, "ನಾನೇನು ಮಾಡಿದೆನೋ ನಿನಗೆ?" ಎಂದು ಮಗನ ಮೇಲೆ ರೇಗುತ್ತಿದ್ದರು.

ಗಂಡ ಕಾರು ಕಲಿಸುವ ಮೇಷ್ಟ್ರು. ಬ್ರೇಕ್ ಒತ್ತು ಎಂದರೆ ಆಕ್ಸಿಲರೇಟರ್ ಒತ್ತುವವರ ಪಕ್ಕದಲ್ಲೂ ಹಾಡು ಗುನುಗುತ್ತ ಕೂರುವಂಥವನು. ಹರ್ನಿಯಾ ಆಪರೇಷನ್ನಿಗೆ ಹೆಂಡತಿಯ ಆಸ್ಪತ್ರೆ ಬೇಡವೆಂದ. "ಅಲ್ಲಿ ನನ್ನ ಹೊಟ್ಟೆ ಕುಯ್ಯೋಕೂ ನಿನಗೆ ಹೆದರ್ತಾರೆ." ಸರಿ, ಅವಳೇ ನಾಲ್ಕು ಕಡೆ ವಿಚಾರಿಸಿ ಊರಾಚೆ ತುದಿಯ ಇನ್ನೊಂದು ಆಸ್ಪತ್ರೆ ಆರಿಸಿದಳು. ಮಾರನೆಯ ದಿನ ಮನೆಗೆ ಬರಬೇಕಾದವನು ಬರಲಿಲ್ಲ. ಹೃದಯ ತಡೆದುಕೊಳ್ಳಲಿಲ್ಲ ಎಂದರು.

"ಎಲ್ಲ ತಿಳಿದೋಳು ನೀನು. ನೀನೇ ಹುಡುಕಿದ ಆಸ್ಪತ್ರೆ," ಎಂದು ಅತ್ತೆ ಒಂದೇ ಒಂದು ಸಲ ಅಂದರು. ಆಮೇಲೆ ಮನೆಯಲ್ಲಿ ಇಬ್ಬರೂ ಬಾಗಿಲು ಹಾಕು, ಹಾಲು ಬಂತು ಎನ್ನುವಷ್ಟೇ ಮಾತಾಡಿದರು.

ಅವಳಿಗೆ ಅಳು ಬರಲಿಲ್ಲ. ಗಟ್ಟಿಗಿತ್ತಿ ಎಂದರು ನೆಂಟರು. ಗಟ್ಟಿಯೇನಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗೆ. ಕೆಲಸಕ್ಕೆ ಹೋದಳು, ಬಂದಳು. ತಿಂಗಳಿಗೊಮ್ಮೆ ಸಂಘಕ್ಕೂ ಹೋದಳು.

ಸಂಘವೆಂದರೆ ಬೇರೆ ಬೇರೆ ಆಸ್ಪತ್ರೆ, ಲ್ಯಾಬುಗಳಲ್ಲಿ ಅವಳಂಥದ್ದೇ ಕೆಲಸ ಮಾಡುವವರದ್ದು. ತಂತಮ್ಮ ಜಾಗದಲ್ಲಿ ಯಾರಿಗೂ ಬೇಡವಾದವರು ಕನ್ನಡಕದಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ಒಬ್ಬರಿಗೊಬ್ಬರು ಬೇಕಾಗುತ್ತಿದ್ದರು. ತಲೆಬಿಸಿ ಮಾಡಿದ ಪ್ರಕರಣವನ್ನು ಹೆಸರು ಬಿಟ್ಟು ಹೇಳುವುದು, ಉಳಿದವರು ಚರ್ಚಿಸುವುದು ಅಲ್ಲಿನ ಪದ್ಧತಿ. ಅಜ್ಜಿ ಕತೆಯ ಹಾಗೆ "ಒಂದಾನೊಂದು ಆಸ್ಪತ್ರೆಯಲ್ಲಿ" ಎಂದೇ ಶುರುಮಾಡುತ್ತಿದ್ದರು.

ಆ ಸಂಜೆ ಎದ್ದು ನಿಂತವನು ಹೊಸಬ. ಸೇರಿದಾಗಿನಿಂದ ಬಾಗಿಲ ಪಕ್ಕವೇ ಕೂತು ತುಟಿ ಬಿಚ್ಚದೆ ಹೋಗುತ್ತಿದ್ದುದರಿಂದ ಅವನಿಗೆ ಮೌನಿ ಎಂದು ಹೆಸರಾಗಿತ್ತು.

"ಒಂದಾನೊಂದು ಆಸ್ಪತ್ರೆಯಲ್ಲಿ," ಎಂದ. "ಒಬ್ಬರು ಸಣ್ಣ ಆಪರೇಷನ್ನಿಗೆ ಬಂದರು. ಒಂದು ಆಂಟಿಬಯೋಟಿಕ್ ಅವರಿಗೆ ಆಗ್ತಿರಲಿಲ್ಲ. ಅದನ್ನ ನರ್ಸಿಗೆ ತಾವೇ ಹೇಳಿದ್ರು. 'ಅದೊಂದು ಕೊಡಬೇಡಮ್ಮ, ಕೊಟ್ರೆ ನಾನು ಊದಿ ಕುಂಬಳಕಾಯಿ ಆಗ್ತೀನಿ' ಅಂದ್ರಂತೆ. ನರ್ಸ್ ಡಾಕ್ಟರಿಗೆ ಹೇಳಿದ್ಲು. ಅವರು ಗಡಿಬಿಡೀಲಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದನ್ನೇ ಕೊಟ್ರು."

ಲ್ಯಾಬಿನ ವಕೀಲ ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಇಲ್ಲಿ ಯಾರೂ ಇಲ್ಲ ತಾನೆ?" ಎಲ್ಲರೂ ನಕ್ಕರು.

ಅವಳು ನಗಲಿಲ್ಲ. ಮದುವೆಯಾದ ಹೊಸದರಲ್ಲಿ, ನೆಗಡಿ ಬಂದಾಗ, ಹಲ್ಲಿನ ಡಾಕ್ಟರ ಮುಂದೆ, ಗಂಡ ಆಡುತ್ತಿದ್ದ ಮಾತು ಅದೇ. ಬೇರೆ ಯಾವ ಗಂಡಸಿನ ಬಾಯಲ್ಲೂ ಅವಳು ಅದನ್ನು ಕೇಳಿರಲಿಲ್ಲ.

"ಮನೆಯವರಿಗೆ ಹೃದಯ ನಿಂತಿತು ಅಂದ್ರು. ಸುಳ್ಳೇನಲ್ಲ, ಕೊನೆಗೆ ನಿಂತಿದ್ದು ಅದೇ," ಎಂದ ಮೌನಿ. "ಈಗ ಅವರಿಗೆ ನಿಜ ಹೇಳಬೇಕಾ, ಬೇಡವಾ?"

ಚರ್ಚೆ ಕಾವೇರಿತು. ಹೇಳಿದರೆ ಸತ್ತವರು ಎದ್ದು ಬರುತ್ತಾರೆಯೇ, ಮಾಯುತ್ತಿರುವ ಗಾಯ ಕೆರೆದ ಹಾಗಲ್ಲವೇ ಎಂದ ವಕೀಲ. ಅಧ್ಯಕ್ಷೆ ಅವಳ ಕಡೆ ತಿರುಗಿ, "ನಿಯಮದಕ್ಕ, ನೀವೇನಂತೀರಿ?" ಎಂದರು.

"ಹೇಳಬೇಕು," ಎಂದಳು. ದನಿ ದಿನದ ಹಾಗೇ ಇತ್ತು. "ಗೊತ್ತಿಲ್ಲದೆ ಹೋದ್ರೆ ಮನೆಯವರು ಒಬ್ಬರನ್ನೊಬ್ಬರು ದೂರ್ತಾ ಕೂತಿರ್ತಾರೆ."

ಸಭೆ ಮುಗಿದ ಮೇಲೆ ಮೆಟ್ಟಿಲ ಬುಡದಲ್ಲಿ ಅವನಿಗಾಗಿ ನಿಂತಳು.

"ಅದು ನನ್ನ ಯಜಮಾನರು. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ಈ ಸಂಘಕ್ಕೆ ಸೇರಿದ್ದೇ ಅದಕ್ಕೆ. ಮನೆಯವರಿಗೆ ಹೇಳೋಣ ಅಂತ ನಮ್ಮ ಆಸ್ಪತ್ರೆ ಮೇಲಿನೋರ ಹತ್ತಿರ ಅಂಗಲಾಚಿದೆ, ಬಿಡಲಿಲ್ಲ. ನಿಮ್ಮ ಮುಂದೆ ನಿಂತು ನೇರ ಹೇಳೋಕೆ ಬಾಯಿ ಬರಲಿಲ್ಲ."

"ರೋಗಿಯ ವಿಷಯ ಹೊರಗೆ ಆಡಿದ್ದು ತಪ್ಪು."

"ಹೌದು."

"ಇಷ್ಟು ದಿನ ಆಡದೆ ಇದ್ದದ್ದೂ ತಪ್ಪು."

ಅವಳು ಇನ್ನೊಂದೇ ಮಾತು ಕೇಳಿದಳು. "ಅವರಿಗೆ ಎಚ್ಚರ ಇತ್ತಾ?"

"ಇರಲಿಲ್ಲ. ಮಂಪರಲ್ಲೇ ಹೋದ್ರು."

ಮನೆಗೆ ಬಂದಾಗ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು, ಆಫೀಸಿನಲ್ಲಿ ವರದಿ ಒಪ್ಪಿಸುವ ಹಾಗೆ. ಅತ್ತೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಕುಂಬಳಕಾಯಿಯ ಮಾತು ಬಂದಾಗ ಮಾತ್ರ ಕೈ ನಿಂತಿತು.

"ಅಲ್ಲೂ ಅಂದನಾ ಅದನ್ನ?" ಎಂದು ಪಕ್ಕನೆ ನಕ್ಕರು. ನಕ್ಕವರಿಗೆ ನಗು ಹಿಡಿತಕ್ಕೆ ಸಿಗದೆ ಅಳುವಾಗಿ, ಟವೆಲನ್ನು ಬಾಯಿಗೆ ಒತ್ತಿಕೊಂಡರು. ಅವಳು ಬೆನ್ನು ಸವರುತ್ತ ಕೂತಳು.

"ನಿನ್ನ ದೂರಿಬಿಟ್ಟೆ ಕಣೇ ನಾನು."

"ಇರಲಿ ಬಿಡಿ ಅತ್ತೆ."

"ಇರಲಿ ಅಂತ ಯಾಕೆ ಅಂತೀಯ? ತಿರುಗಿಸಿ ಒಂದು ಮಾತು ಬೈದುಬಿಡು."

ಬೈಯಲು ಮಾತು ಹುಡುಕಿದಳು. ಒಂದೂ ಸಿಗಲಿಲ್ಲ.

ಅವಳ ದೂರಿನ ಮೇಲೆ ಆ ಆಸ್ಪತ್ರೆಯವರು ಅತ್ತೆ ಸೊಸೆ ಇಬ್ಬರನ್ನೂ ಕರೆಸಿಕೊಂಡರು. ಉದ್ದನೆಯ ಮೇಜು, ತಣ್ಣನೆಯ ಕೋಣೆ. ಕೋಟು ತೊಟ್ಟ ಒಬ್ಬರು ವಿಷಾದದ ಮಾತುಗಳನ್ನು ಓದಿದರು. ಅಂಥ ಮಾತು ಬರೆಯುವುದನ್ನು ಅವಳು ಹಲವರಿಗೆ ಕಲಿಸಿದ್ದಳು, ಇದರಲ್ಲಿ ಎಲ್ಲೂ ತಪ್ಪಿರಲಿಲ್ಲ. ಅತ್ತೆ ಕೊನೆಯವರೆಗೆ ಕೇಳಿ, "ಅವನ ಮಾತು ಕೇಳಿಸ್ಕೊಂಡ ಆ ನರ್ಸಮ್ಮ ಎಲ್ಲಿ? ಅವಳನ್ನ ನೋಡಬೇಕು," ಎಂದರು. ಕೆಲಸ ಬಿಟ್ಟು ಹೋಗಿದ್ದಾಳೆ ಎಂದರು ಆಸ್ಪತ್ರೆಯವರು. ಆ ಡಾಕ್ಟರ ಮೇಲೆ ವಿಚಾರಣೆ ನಡೆಯಿತು. ಅಲರ್ಜಿಯಿದ್ದವರ ಕೈಗೆ ಕೆಂಪು ಪಟ್ಟಿ ಕಟ್ಟುವ ಕ್ರಮ ಬಂತು.

ಗುಟ್ಟು ಬಿಟ್ಟುಕೊಟ್ಟನೆಂದು ಮೌನಿಯ ಕೆಲಸ ಹೋಯಿತು. ಅವನಿಗೊಂದು ಕೆಲಸ ಕೊಡಿಸಲು ಅವಳೇ ನಾಲ್ಕಾರು ಕಡೆ ಓಡಾಡಿದಳು. "ನಿಯಮ ಮುರಿದವನಿಗೆ ನೀವು ಶಿಫಾರಸಾ?" ಎಂದು ವಕೀಲ ಕೆಣಕಿದಾಗ, "ಮುರಿದಿದ್ದಾನೆ ಅಂತ ಹೇಳಿಯೇ ಕೇಳ್ತಿದ್ದೀನಿ," ಎಂದಳು. ಕೊನೆಗೆ ಒಂದು ಕಣ್ಣಿನ ಆಸ್ಪತ್ರೆಯವರು ಸೇರಿಸಿಕೊಂಡರು.

ಎಲ್ಲ ಮುಗಿದ ಮೇಲೂ ಅವಳ ಒಳಗೆ ಏನೂ ಕದಲಲಿಲ್ಲ. ನಿಜ ತಿಳಿದರೆ ಎದೆ ಹಗುರಾಗುತ್ತದೆ ಎಂದು ಅವಳೇ ಎಷ್ಟೋ ಮನೆಯವರಿಗೆ ಹೇಳಿದ್ದಳು. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಅತ್ತೆ ಮಾತ್ರ ಈಗ ಸಂಜೆ ತಮ್ಮ ಕೋಣೆ ಬಿಟ್ಟು ಅವಳ ಪಕ್ಕ ಬಂದು ಕೂರುತ್ತಿದ್ದರು. ಒಂದು ಸಂಜೆ, ಟೀವಿ ನೋಡುತ್ತಲೇ ಕೇಳಿದರು.

"ಇನ್ನೂ ಅಳು ಬಂದಿಲ್ವೇನೇ ನಿನಗೆ?"

"ಇಲ್ಲ ಅತ್ತೆ."

"ಬಂದಾಗ ಕೂಗು. ನಾನು ಇಲ್ಲೇ ಇರ್ತೀನಿ."

"ಹೂಂ," ಎಂದು ಅವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು. ಹೊರಗೆ ಚಳಿಯಿತ್ತು.