ಅತ್ತೆಯ ಎಂಜಿನ್ ಮನೆ

ಹಿಟ್ಟು ಹತ್ತಿದ ಅಂಗೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಹೆಂಚು ಕಾದಿರುತ್ತಿತ್ತು, ರೊಟ್ಟಿ ಅರ್ಧ ಬಡಿದಿರುತ್ತಿತ್ತು. ಅತ್ತೆ, ನನ್ನ ಗಂಡನ ತಾಯಿ, ಎಡಗಿವಿಯನ್ನು ಕಿಟಕಿಗೆ ಕೊಟ್ಟು ಉಸಿರು ಹಿಡಿಯುತ್ತಿದ್ದರು. ಪಕ್ಕದ ಗುಂಡಿಯಲ್ಲಿ ತಡೆದ ಪಂಪಿನ ಶಬ್ದ ಮತ್ತೆ ಕೇಳಿದ ಮೇಲೆಯೇ ಆ ಕೈ ಇಳಿಯುತ್ತಿತ್ತು. ಎಷ್ಟೋ ರೊಟ್ಟಿಗಳು ಹೀಗೆ ಒಣಗಿ ಸೀಳು ಬಿಟ್ಟವು.

ನಿಜಾಮರ ಹಳೆಯ ರಾಜಧಾನಿಯ ಅಂಚಿನ ಉಪ್ಪಲ್‌ನಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಐಟಿ ಕಚೇರಿಯೊಂದಕ್ಕೆ ಪಾಯ ತೋಡುತ್ತಿದ್ದರು. ಗುಂಡಿಯಲ್ಲಿ ಜಿನುಗುವ ನೀರನ್ನು ಪಂಪು ಹಗಲಿಡೀ ಹೊರಹಾಕುತ್ತಿತ್ತು. ಆ ವರ್ಷಗಳಲ್ಲಿ ಊರ ತುಂಬ ಅಂಥ ಗುಂಡಿಗಳು.

ಅತ್ತೆ ಹುಟ್ಟಿದ್ದು ರಾಯಚೂರು ಕಡೆಯ ಚಿನ್ನದ ಗಣಿಯ ಕೇರಿಯಲ್ಲಿ. ನಿಜಾಮರ ಕಾಲದಲ್ಲಿ ಬಿಳಿಯರ ಕಂಪನಿ ಅಲ್ಲಿ ಉಗಿಯಂತ್ರ ಹೂಡಿ ಗಣಿಯ ನೀರು ಎತ್ತಿಸುತ್ತಿತ್ತು. ಯಂತ್ರ ಬಿಡಿಬಿಡಿಯಾಗಿ ಎತ್ತಿನ ಬಂಡಿಗಳಲ್ಲಿ ಬಂದದ್ದು, ಅದಕ್ಕೆಂದೇ ಕಲ್ಲಿನ ಎಂಜಿನ್ ಮನೆ ಕಟ್ಟಿದ್ದು, ಎಲ್ಲವನ್ನೂ ಅವರು ತವರಿನ ಸುದ್ದಿಯಂತೆ ಹೇಳುತ್ತಿದ್ದರು. ಅವರ ಅಪ್ಪ ಅಲ್ಲಿ ಬಾಯ್ಲರಿಗೆ ಕಟ್ಟಿಗೆ ಹಾಕುವವರು. ಯಂತ್ರ ಉಗುಳುವ ಬಿಸಿನೀರನ್ನು ಹೊತ್ತು ತಂದು ಬಾಣಂತಿಯರಿಗೂ ಕೂಸುಗಳಿಗೂ ಎರೆಯುತ್ತಿದ್ದರಂತೆ. "ಆ ನೀರಾಗ ಎರದ ಮೈ ಇದು, ಸುಮ್ಮ ಕುಂದ್ರಂಗಿಲ್ಲ," ಎನ್ನುತ್ತಿದ್ದರು.

ಎಂಜಿನ್ ನಿಂತರೆ ಹೆಂಗಸರೆಲ್ಲ ಒಲೆ ಬಿಟ್ಟು ಗಣಿಬಾಯಿಗೆ ಓಡುವುದು ಅಲ್ಲಿನ ರೂಢಿ. ಒಳಗೆ ನೀರು ಏರುವ ಮೊದಲು ಗಂಡಸರು ಮೇಲೆ ಬರಬೇಕು. ಹಾಗೆ ಓಡಿದ ಒಂದು ದಿನ ಅತ್ತೆಯ ಅಣ್ಣ ಮೇಲೆ ಬರಲಿಲ್ಲ. ಮುಂದೆ ಕರೆಂಟು ಬಂತು, ಯಂತ್ರ ಗುಜರಿಗೆ ಹೋಯಿತು, ಕಲ್ಲಿನ ಗೋಡೆ ಮಾತ್ರ ಉಳಿಯಿತು.

ಒಂದು ಮಧ್ಯಾಹ್ನ ಪಕ್ಕದ ಪಂಪು ನಿಂತದ್ದು ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಅತ್ತೆ ಬರಿಗಾಲಲ್ಲಿ ಓಡಿದರು. ನಾನು ತಲುಪುವಷ್ಟರಲ್ಲಿ ಗುಂಡಿಯ ಅಂಚಿನಲ್ಲಿ ನಿಂತು ಕೂಗುತ್ತಿದ್ದರು: "ಎಪ್ಪಾ, ಎಂಜಿನ್ ನಿಂತೈತಿ. ಮ್ಯಾಲ ಬರ್ರಿ."

ಕೆಳಗೆ ಯಾದಗಿರಿ ಕಡೆಯ ಕೂಲಿಗಳು ಬುತ್ತಿ ಬಿಚ್ಚಿ ಕೂತಿದ್ದರು. "ಕರೆಂಟ್ ಹೋಗ್ಯಾದ, ಯವ್ವಾ. ಪಾದ ಮುಳುಗಾಕ ಸಂಜಿ ಆಗ್ತದ," ಎಂದು ಮೇಸ್ತ್ರಿ ನಕ್ಕ.

"ನಮ್ಮಣ್ಣ ನಿನಗಿಂತ ಛಂದ ನಗತಿದ್ದ. ಮ್ಯಾಲ ಬಾ."

ಮೇಸ್ತ್ರಿ ಮೊದಲು ಎದ್ದ. ಬುತ್ತಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ಏಣಿ ಹತ್ತಿದರು. ಅಂದಿನಿಂದ ಪಂಪು ನಿಂತಾಗಲೆಲ್ಲ ಮೇಲೆ ಬಂದು ನಮ್ಮ ಕಟ್ಟೆಯ ಮೇಲೆ ಕೂರತೊಡಗಿದರು. ಸೂಪರ್‌ವೈಸರ್ ಗೊಣಗಿದರೆ, "ಯವ್ವನ ಕಾನೂನ್ರೀ," ಎನ್ನುತ್ತಿದ್ದರು. ಅತ್ತೆ ತಲೆ ಎಣಿಸಿ ಮಜ್ಜಿಗೆ ಕೊಡುತ್ತಿದ್ದರು. ಎಣಿಸಿ ಮುಗಿದರೂ ಅವರ ಕಣ್ಣು ಗುಂಡಿಯ ಕಡೆಗೇ.

ಪಾಯ ತುಂಬುವ ಮೊದಲೇ ಅತ್ತೆ ತೀರಿಕೊಂಡರು. ಬೆಳಿಗ್ಗೆ ಅಂಗಳದಲ್ಲಿ ಮಲಗಿಸಿ, ಪಕ್ಕದ ನಾಚಾರಂನಿಂದ ಬರಬೇಕಿದ್ದ ನೆಂಟರ ದಾರಿ ನೋಡುತ್ತಿದ್ದೆವು. ಆಗ ಏಣಿಯ ತುದಿಯಲ್ಲಿ ಮೇಸ್ತ್ರಿಯ ತಲೆ ಕಂಡಿತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಎಲ್ಲರೂ ಕೈಕಾಲಿನ ಕೆಸರು ತೊಳೆದುಕೊಂಡು ಬಂದು ಚಟ್ಟಕ್ಕೆ ಹೆಗಲು ಕೊಟ್ಟರು.

ಪಂಪು ನಡೆಯುತ್ತಲೇ ಇತ್ತು.